ಊರ ಮಾತು, ಕಲಮಿನ ಮಾತು

ದಿಲ್ಲಿಯಲ್ಲಿ ಹೊಸದಾಗಿ ನೆಲೆಸಿದ ಕನ್ನಡಿಗರಿಗೆ ಹಿಂದಿ ಪತ್ರಿಕೆಯ ತಲೆಬರಹ ಕೆಲವೊಮ್ಮೆ ಎದೆ ಝಲ್ಲೆನಿಸುತ್ತದೆ. ‘ದಲಿತರ ಮೇಲೆ ಅತ್ಯಾಚಾರ’ ಎಂದು ಅಲ್ಲಿ ಬರೆದರೆ ಬಾವಿ ನೀರು ಮುಟ್ಟಿದ್ದಕ್ಕೆ ಬಿದ್ದ ಹೊಡೆತವೂ ಆಗಿರಬಹುದು, ಗುಡಿಸಲಿಗೆ ಇಟ್ಟ ಬೆಂಕಿಯೂ ಆಗಿರಬಹುದು. ಪರಿಶಿಷ್ಟ ಜಾತಿ, ಪಂಗಡಗಳ ರಕ್ಷಣೆಗೆಂದು 1989ರಲ್ಲಿ ಬಂದ ಕಾಯ್ದೆಗೆ ಹಿಂದಿಯಲ್ಲಿ ‘ಅತ್ಯಾಚಾರ ನಿವಾರಣ’ ಎಂದೇ ಹೆಸರು. ಕನ್ನಡದಲ್ಲಿ ‘ದೌರ್ಜನ್ಯ ತಡೆ’. ಆಚಾರದ ಗೆರೆ ದಾಟಿದ್ದೆಲ್ಲ ಅತ್ಯಾಚಾರ ಎಂಬ ಸಂಸ್ಕೃತದ ಅಗಲ ಅರ್ಥವನ್ನು ಹಿಂದಿ ಉಳಿಸಿಕೊಂಡಿತು, ಕನ್ನಡ ಅದನ್ನು ಒಂದೇ ಅಪರಾಧಕ್ಕೆ ಮೀಸಲಿಟ್ಟಿತು. ಆ ಒಂದು ಅಪರಾಧ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದರಲ್ಲಿ ಮಾತ್ರ ಊರಿಗೂ ಕಾನೂನಿಗೂ ಇನ್ನೂ ಒಮ್ಮತವಿಲ್ಲ.

1860ರ ದಂಡ ಸಂಹಿತೆಯಿಂದಲೇ ನೋಡೋಣ. ಮೊದಲು ‘ಹಲ್ಲೆ’. ನಮಗೆ ಹಲ್ಲೆ ಎಂದರೆ ಏಟು ಬಿದ್ದಿರಬೇಕು, ರಕ್ತ ಬಂದಿದ್ದರೆ ಇನ್ನೂ ಖಾತ್ರಿ. ಸಂಹಿತೆಯ 351ನೇ ಕಲಮಿಗೆ ಅದಾವುದೂ ಬೇಕಿರಲಿಲ್ಲ. ಎದುರಿಗಿದ್ದವರಿಗೆ ‘ಈಗ ಮೈಮೇಲೆ ಬೀಳುತ್ತಾನೆ’ ಎಂಬ ಭಯ ಹುಟ್ಟಿಸುವ ಸನ್ನೆ ಸಾಕು. ಕಲಮಿನ ಕೆಳಗೇ ಉದಾಹರಣೆಯೂ ಇತ್ತು: ಕಚ್ಚುವ ನಾಯಿಯ ಬಾಯಿಕುಕ್ಕೆಯನ್ನು ಒಬ್ಬ ಸಡಿಲಿಸತೊಡಗುತ್ತಾನೆ. ನಾಯಿ ಇನ್ನೂ ಕದಲಿಲ್ಲ, ಹಲ್ಲೆ ಆಗಿಹೋಗಿದೆ. ‘ಮೈ ಮುಟ್ಟಲಿಲ್ಲವಲ್ಲ, ಮತ್ತೇನು ಕೇಸು?’ ಎಂದು ಪಂಚಾಯಿತಿ ಕಟ್ಟೆಯಲ್ಲಿ ಕೇಳುವವರಿಗೆ ಈ ನಾಯಿಯನ್ನು ಪರಿಚಯಿಸಬೇಕು.

ಇಲ್ಲಿ ಕಾನೂನು ಊರಿಗಿಂತ ಮುಂದಿತ್ತು. ‘ಮಾನ’ದ ವಿಷಯದಲ್ಲಿ ಹಾಗಲ್ಲ. ಮಹಿಳೆಯ ‘ಮಾಡೆಸ್ಟಿ’ಗೆ ಧಕ್ಕೆ ತರುವ ಉದ್ದೇಶದ ಹಲ್ಲೆ 354ನೇ ಕಲಮಿನ ಅಪರಾಧವಾಗಿತ್ತು. ಕನ್ನಡದಲ್ಲಿ ಅದು ‘ಮಾನಭಂಗ’ವಾಯಿತು. ಹಳೆಯ ಸಿನಿಮಾಗಳಲ್ಲಿ ಮಾನಭಂಗ ಎಂದರೆ ಬಾಯಿಬಿಟ್ಟು ಹೇಳಲಾಗದ ಅತ್ಯಾಚಾರ. ಠಾಣೆಯ ಕಡತದಲ್ಲಿ ಅದಕ್ಕಿಂತ ಕೆಳಗಿನ ಮೆಟ್ಟಿಲು. ಹಳ್ಳಿಯ ಮಾತು ಇನ್ನೂ ಕ್ರೂರ. ‘ಹುಡುಗಿ ಕೆಟ್ಟಳು’ ಎನ್ನುತ್ತಾರೆ. ಕೆಡಿಸಿದವನು ವಾಕ್ಯದಲ್ಲೇ ಇಲ್ಲ, ವ್ಯಾಕರಣದಲ್ಲೂ ಅವಳೇ ಕರ್ತೃ.

ಮಾನ ಎಂದರೇನೆಂದು ಸಂಹಿತೆ ಎಲ್ಲೂ ಹೇಳಲಿಲ್ಲ. ಇದರ ಫಲ ಪಂಜಾಬಿನ ಒಂದು ಪ್ರಕರಣದಲ್ಲಿ ಬಯಲಾಯಿತು. ಏಳೂವರೆ ತಿಂಗಳ ಹಸುಗೂಸಿನ ಮೇಲೆ ಒಬ್ಬ ಎರಗಿ ಗಾಯ ಮಾಡಿದ್ದ. ನಾಚಿಕೆ ಎಂದರೇನೆಂದೇ ಅರಿಯದ ಕೂಸಿಗೆ ಮಾನವೆಲ್ಲಿಂದ ಎಂದು ಹೈಕೋರ್ಟಿನ ಬಹುಮತ ಯೋಚಿಸಿತು. ಅವನ ತಪ್ಪು ಬರೀ ಗಾಯಪಡಿಸಿದ್ದಕ್ಕೆ ಇಳಿಯಿತು. 1966ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಿರಸ್ಕರಿಸಿತು. ಹೆಣ್ಣಾಗಿ ಹುಟ್ಟಿದ್ದೇ ಸಾಕು, ಮಾನ ಹುಟ್ಟಿನಿಂದಲೇ ಬರುತ್ತದೆ ಎಂದರು ನ್ಯಾಯಮೂರ್ತಿ ಬಚಾವತ್. ಆಗಲೂ ಪೀಠ ಒಮ್ಮತದಿಂದಿರಲಿಲ್ಲ. ಮುಖ್ಯ ನ್ಯಾಯಮೂರ್ತಿ ಸರ್ಕಾರ್ ಅವರದೇ ಭಿನ್ನಮತ. ಮೂರು ದಶಕ ಕಳೆದು, 1995ರಲ್ಲಿ, ಪಂಜಾಬಿನ ಪೊಲೀಸ್ ಮುಖ್ಯಸ್ಥ ಕೆ.ಪಿ.ಎಸ್. ಗಿಲ್ ಅವರ ವಿರುದ್ಧ ಐಎಎಸ್ ಅಧಿಕಾರಿ ರೂಪನ್ ದಿಯೋಲ್ ಬಜಾಜ್ ನಡೆಸಿದ ಮೊಕದ್ದಮೆಯಲ್ಲೂ ಕೋರ್ಟು ಅದೇ ಪದದ ಅರ್ಥಕ್ಕೆ ಆಕ್ಸ್‌ಫರ್ಡ್ ನಿಘಂಟು ತೆರೆಯಬೇಕಾಯಿತು. ಕಾನೂನು ತನ್ನದೇ ಪದಕ್ಕೆ ನಿಘಂಟಿನ ಬಾಗಿಲು ತಟ್ಟುವುದು ನನಗೇನೋ ಆ ಪದವೇ ಸರಿಯಿಲ್ಲ ಎಂಬುದರ ಕುರುಹಾಗಿ ಕಾಣುತ್ತದೆ.

‘ಸಮ್ಮತಿ’ಯದು ತಿರುವುಮುರುವು ಕಥೆ. ಅಲ್ಲಿ ನ್ಯಾಯಾಲಯವೇ ಬೀದಿಯ ಅರ್ಥವನ್ನು ಎತ್ತಿಕೊಂಡಿತು. 1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಠಾಣೆಯೊಳಗೆ ಆದಿವಾಸಿ ಹುಡುಗಿಯ ಮೇಲೆ ನಡೆದ ಅತ್ಯಾಚಾರದ ಪ್ರಕರಣದಲ್ಲಿ, ಮೈಮೇಲೆ ಗಾಯವಿಲ್ಲ, ಆಕೆ ಪ್ರತಿಭಟಿಸಿದ ಗುರುತಿಲ್ಲ ಎಂದು ಸುಪ್ರೀಂ ಕೋರ್ಟ್ 1978ರಲ್ಲಿ ಪೊಲೀಸರನ್ನು ಬಿಡುಗಡೆ ಮಾಡಿತು. ‘ಕೂಗಬಹುದಿತ್ತಲ್ಲ?’ ಎಂಬ ನೆರೆಮನೆಯ ಪ್ರಶ್ನೆಯೇ ಇದು. ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್ ಮತ್ತು ಇನ್ನಿಬ್ಬರು ಕಾನೂನು ಅಧ್ಯಾಪಕರು ಮರುವರ್ಷ ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದು, ಮಣಿಯುವುದು ಬೇರೆ, ಒಪ್ಪುವುದು ಬೇರೆ ಎಂದು ತಿಳಿಹೇಳಿದರು. 1983ರಲ್ಲಿ ಕಾಯ್ದೆಗಳು ಬದಲಾದವು. ದೇಹದಿಂದ ಪ್ರತಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿದಳೆಂದು ತಿಳಿಯಕೂಡದು ಎಂಬ ಸಾಲು ಅತ್ಯಾಚಾರದ ಕಲಮಿನೊಳಗೆ ಬರಲು ಮಾತ್ರ 2013 ಆಗಬೇಕಾಯಿತು.

ಅದೇ ವರ್ಷ ಒಂದು ವಿಚಿತ್ರವೂ ನಡೆಯಿತು. ದಿಲ್ಲಿಯ ಬಸ್ಸಿನಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ನಂತರ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ವರದಿ ಕೊಟ್ಟಿತ್ತು. ಫೆಬ್ರುವರಿ 3ರ ಸುಗ್ರೀವಾಜ್ಞೆ 375ನೇ ಕಲಮಿನಿಂದ ‘ರೇಪ್’ ಪದವನ್ನೇ ಕಿತ್ತು ‘ಸೆಕ್ಷುಯಲ್ ಅಸಾಲ್ಟ್’ ಎಂದಿತು, ಅಪರಾಧಿ ಯಾವ ಲಿಂಗದವರೂ ಆಗಬಹುದೆಂದಿತು. ವರ್ಮಾ ಸಮಿತಿ ಹಳೆಯ ಪದ ಉಳಿಯಲಿ ಎಂದಿತ್ತು. ಮಹಿಳಾ ಸಂಘಟನೆಗಳೂ ತಕರಾರೆತ್ತಿದವು. ಎರಡು ತಿಂಗಳಲ್ಲಿ ಬಂದ ಕಾಯ್ದೆಯಲ್ಲಿ ಪದ ಹಿಂದಿರುಗಿತು, ಆದರೆ ಅರ್ಥ ಹಿಗ್ಗಿತ್ತು: ಸಂಭೋಗವೇ ನಡೆದಿರಬೇಕಿಲ್ಲ, ದೇಹದ ಬೇರೆ ಅಂಗವೋ ವಸ್ತುವೋ ಹೊಕ್ಕರೂ ಅದು ಅತ್ಯಾಚಾರವೇ.

‘ಸೆಕ್ಷುಯಲ್ ಅಸಾಲ್ಟ್’ ಮಕ್ಕಳ ರಕ್ಷಣೆಗೆಂದು 2012ರಲ್ಲಿ ಬಂದ ಪೋಕ್ಸೊ ಕಾಯ್ದೆಯಲ್ಲಿ ಉಳಿದುಕೊಂಡಿದೆ. ಅಲ್ಲಿ ಅದಕ್ಕೆ ಲೈಂಗಿಕ ಉದ್ದೇಶದ ಸ್ಪರ್ಶ ಎಂದಷ್ಟೇ ಅರ್ಥ. ಶಿಕ್ಷೆ 3ರಿಂದ 5 ವರ್ಷ. ಅತ್ಯಾಚಾರಕ್ಕೆ ಸಮಾನವಾದದ್ದು ಬೇರೊಂದು ಕಲಮು, ಅಲ್ಲಿ ಕನಿಷ್ಠವೇ 10 ವರ್ಷ, ಮಗು 16ರೊಳಗಿದ್ದರೆ 20. ನಾವು ಪತ್ರಿಕೆಯವರು ಮರ್ಯಾದೆಗಾಗಿ ಎರಡಕ್ಕೂ ‘ಲೈಂಗಿಕ ದೌರ್ಜನ್ಯ’ ಎಂದು ಬರೆದು ಮುಗಿಸುತ್ತೇವೆ. ತೀರ್ಪು ಬಂದ ದಿನ ‘ಇಷ್ಟೇ ಶಿಕ್ಷೆಯೇ?’ ಎಂದು ಓದುಗರು ಸಿಡಿಮಿಡಿಗೊಳ್ಳುತ್ತಾರೆ. ಸ್ಪರ್ಶ ಎಂಬ ಸರಳ ಪದವೂ ನ್ಯಾಯಾಲಯದಲ್ಲಿ ಎಡವಿತು. ಬಟ್ಟೆಯ ಮೇಲಿಂದ ಮುಟ್ಟಿದರೆ ಪೋಕ್ಸೊ ಅನ್ವಯಿಸದು ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರ ಜನವರಿಯಲ್ಲಿ ಹೇಳಿತು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಅಳಿಸಿತು.

2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. 354 ಈಗ 74 ಆಗಿದೆ, ‘ಮಾಡೆಸ್ಟಿ’ ಅಲ್ಲೇ ಇದೆ. ಅತ್ಯಾಚಾರದ ಕಲಮು 63. 18 ತುಂಬಿದ ಹೆಂಡತಿಯ ವಿಷಯದಲ್ಲಿ ಗಂಡನಿಗಿದ್ದ ವಿನಾಯಿತಿಯೂ ಹಾಗೇ ಇದೆ. 1860ರಲ್ಲಿ ಆ ವಯಸ್ಸು 10 ಇತ್ತು, 1891ರಲ್ಲಿ 12 ಆಯಿತು, 2017ರಲ್ಲಿ ನ್ಯಾಯಾಲಯ 18ಕ್ಕೆ ಏರಿಸಿತು. 2022ರ ಮಾರ್ಚಿನಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಗಂಡನೊಬ್ಬನ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದುಪಡಿಸಲು ಒಪ್ಪಲಿಲ್ಲ. ಮುಂದೆ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಇಂದು ಗೃಹಿಣಿಯೊಬ್ಬಳು ಠಾಣೆಗೆ ಹೋಗಿ ಗಂಡ ತನ್ನ ಮೇಲೆ ಅತ್ಯಾಚಾರ ಮಾಡಿದ ಎಂದರೆ, ಬರೆದುಕೊಳ್ಳುವವರು 85ನೇ ಕಲಮು ಹಾಕಬಹುದು. ಆ ಕಲಮಿನ ಪದ ‘ಕ್ರೌರ್ಯ’.