ಕಚ್ಚುವ ಟೇಪರ್, ಬಿಡುವ ಟೇಪರ್

ಮನೆಯ ವರ್ಕ್‌ಶಾಪಿಗೆ ಮಿಲ್ಲಿಂಗ್ ಮಷಿನ್ ಕೊಳ್ಳಲು ಹೊರಟವರು ಮೋಟರ್ ಎಷ್ಟು ಎಚ್‌ಪಿ, ಟೇಬಲ್ ಎಷ್ಟು ಉದ್ದ, ಬೆಲೆಯಲ್ಲಿ ಎಷ್ಟು ಬಿಡುತ್ತೀರಿ ಎಂದೆಲ್ಲ ಕೇಳುತ್ತಾರೆ. ಬಗ್ಗಿ ಸ್ಪಿಂಡಲ್ಲಿನ ಬಾಯಿ ನೋಡುವವರು ಕಡಿಮೆ. ಮೋಟರ್ ಸುಟ್ಟರೆ ಇನ್ನೊಂದು ಹಾಕಿಸಬಹುದು. ಟೇಬಲ್ ಸಾಲದಿದ್ದರೆ ಜಾಬನ್ನು ಎರಡು ಸಲ ಕಟ್ಟಿ ಮುಗಿಸಬಹುದು. ಸ್ಪಿಂಡಲ್ ಟೇಪರ್ ಮಾತ್ರ ಒಮ್ಮೆ ಬಂದರೆ ಬಂದ ಹಾಗೆಯೇ. ಮುಂದೆ ಕೊಳ್ಳುವ ಪ್ರತಿಯೊಂದು ಕಾಲೆಟ್, ಚಕ್, ಹೋಲ್ಡರ್ ಅದರ ಅಳತೆಗೇ ತಕ್ಕುದಾಗಿರಬೇಕು. ಕೆಲವು ವರ್ಷ ಕಳೆದು ಲೆಕ್ಕ ಹಾಕಿದರೆ ಟೂಲಿಂಗ್‌ಗೆ ಸುರಿದ ಹಣ ಮಷಿನ್ನಿನ ಬೆಲೆಯನ್ನು ಮುಟ್ಟಿರುವುದೂ ಉಂಟು.

ಟೇಪರ್ ಎಂದರೆ ಬೇರೇನಲ್ಲ. ಕಟ್ಟರ್ ಹಿಡಿದ ಹೋಲ್ಡರಿನ ಹಿಂಬದಿ ಶಂಕುವಿನಂತೆ ಸಣ್ಣಗಾಗುತ್ತ ಹೋಗುತ್ತದೆ. ಸ್ಪಿಂಡಲ್ಲಿನ ಒಳಗೆ ಅದೇ ಕೋನದ ತೂತು. ಎರಡೂ ಕೂಡಿದಾಗ ನಡುವೆ ಸಂದಿಯೇ ಇಲ್ಲ, ಹೋಲ್ಡರ್ ತಾನಾಗಿ ಸೆಂಟರಿಗೆ ಬಂದು ನಿಲ್ಲುತ್ತದೆ. ಕೋನ ಕಿರಿದಾಗಿದೆಯೋ ಅಗಲವೋ ಎನ್ನುವುದರ ಮೇಲೆ ಅದರ ಗುಣ ನಿರ್ಧಾರವಾಗುತ್ತದೆ. ಉಕ್ಕಿನ ಮೇಲೆ ಉಕ್ಕು ಜಾರದೆ ನಿಲ್ಲುವ ಕೋನ ಸುಮಾರು ಎಂಟು ಡಿಗ್ರಿ. ಟೇಪರಿನ ಅರ್ಧಕೋನ ಅದಕ್ಕಿಂತ ತೀರ ಕಡಿಮೆಯಿದ್ದರೆ, ಏಟು ಬಿದ್ದಷ್ಟೂ ಪಿಕಾಸಿಗೆ ಕಾವು ಬಿಗಿಯುವ ಹಾಗೆ ಕಚ್ಚಿಕೊಳ್ಳುತ್ತದೆ. ಅದರ ಆಸುಪಾಸಿನಲ್ಲಿದ್ದರೆ ಡ್ರಾಬಾರ್ (ಹೋಲ್ಡರನ್ನು ಮೇಲಿನಿಂದ ಎಳೆದು ಬಿಗಿಯುವ ಉದ್ದ ಬೋಲ್ಟ್) ಸಡಿಲಿಸಿ ಮೆಲ್ಲಗೆ ತಟ್ಟಿದರೆ ಸಾಕು, ಕಳಚಿ ಕೈಗೆ ಬರುತ್ತದೆ.

ಕಚ್ಚುವ ಪೈಕಿ ಹೆಸರಾದದ್ದು ಮೋರ್ಸ್ ಟೇಪರ್. ಸುರುಳಿ ಡ್ರಿಲ್ ಬಿಟ್‌ಗೆ 1863ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ಸ್ಟೀಫನ್ ಮೋರ್ಸ್ ಹೆಸರೇ ಅದಕ್ಕೂ ನಿಂತಿದೆ. ಅರ್ಧಕೋನ ಒಂದೂವರೆ ಡಿಗ್ರಿಯಷ್ಟೇ. ತಮಾಷೆ ಎಂದರೆ 0ಯಿಂದ ಹಿಡಿದು ಇದರ ನಂಬರುಗಳಲ್ಲಿ ಕೋನ ಒಂದೇ ಸಮನಾಗಿಲ್ಲ, ಒಂದೊಂದಕ್ಕೂ ಕೂದಲೆಳೆಯ ವ್ಯತ್ಯಾಸ. ಒಂದೂವರೆ ಶತಮಾನ ಕಳೆದರೂ ಯಾರೂ ಅದನ್ನು ತಿದ್ದಲು ಹೋಗಿಲ್ಲ, ಎಲ್ಲರೂ ಹಾಗೇ ನಡೆಸಿಕೊಂಡು ಬಂದಿದ್ದಾರೆ.

ಮೋರ್ಸ್ ಹುಟ್ಟಿದ್ದು ಡ್ರಿಲ್ಲಿಂಗಿಗಾಗಿ. ತೂತು ಕೊರೆಯುವಾಗ ಒತ್ತಡವೆಲ್ಲ ಮೇಲಕ್ಕೆ, ಅಂದರೆ ಟೇಪರನ್ನು ಇನ್ನಷ್ಟು ಬಿಗಿಯುವ ಕಡೆಗೇ ಬೀಳುತ್ತದೆ. ಮಿಲ್ಲಿಂಗ್‌ನಲ್ಲಿ ಹಾಗಲ್ಲ. ಕಟ್ಟರ್ ಪಕ್ಕದಿಂದ ಏಟು ತಿನ್ನುತ್ತದೆ, ಎಂಡ್ ಮಿಲ್ಲಿನ ಸುರುಳಿ ಅದನ್ನು ಕೆಳಕ್ಕೂ ಎಳೆಯುತ್ತದೆ. ಆದ್ದರಿಂದ ಮೋರ್ಸ್ ಸ್ಪಿಂಡಲ್ಲಿನಲ್ಲಿ ಮಿಲ್ಲಿಂಗ್ ಮಾಡುವವರು ಮೇಲಿನಿಂದ ಡ್ರಾಬಾರ್ ಹಾಕಿ ಬಿಗಿಯಲೇಬೇಕು. ಡ್ರಾಬಾರ್ ಇಲ್ಲದ ಡ್ರಿಲ್ಲಿಂಗ್ ಮಷಿನ್ನಿಗೆ ಎಂಡ್ ಮಿಲ್ ಸಿಕ್ಕಿಸಿ ಸ್ಲಾಟ್ ಹೊಡೆಯಲು ಹೋಗುವುದು ಅಪಾಯ. ತಿರುಗುತ್ತಿರುವ ಚಕ್ ಕಳಚಿ ಟೇಬಲ್ ಮೇಲೆ ಬೀಳುತ್ತದೆ. ಬಿಚ್ಚುವಾಗ ಇನ್ನೊಂದು ಕಷ್ಟ. ಡ್ರಾಬಾರನ್ನು ಒಂದೆರಡು ಸುತ್ತು ಸಡಿಲಿಸಿ ತಲೆಗೆ ಸುತ್ತಿಗೆಯಿಂದ ಬಡಿಯಬೇಕು. ಆ ಏಟು ಸ್ಪಿಂಡಲ್ ಬೇರಿಂಗಿಗೂ ಬೀಳುತ್ತದೆ. ದೊಡ್ಡ ಮಷಿನ್ ತಡೆದುಕೊಂಡೀತು, ಬೆಂಚ್ ಮೇಲಿನ ಚಿಕ್ಕದು ಎಷ್ಟು ದಿನ ತಡೆದೀತು?

ಬಿಡುವ ಗುಂಪಿನಲ್ಲಿ ಮನೆಯ ಮಷಿನ್ನಿಗೆ ಸಂಬಂಧಪಟ್ಟವು ಎರಡು. ಒಂದು ಆರ್8. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಸ್ವೀಡನ್ ಮೂಲದ ಇಬ್ಬರು ಕಟ್ಟಿದ ಬ್ರಿಡ್ಜ್‌ಪೋರ್ಟ್ ಟರೆಟ್ ಮಿಲ್ಲಿನ ಜೊತೆ ಜಗತ್ತು ಸುತ್ತಿದ ಟೇಪರ್ ಇದು. ಇದರ ಕಾಲೆಟ್ ನೇರವಾಗಿ ಕಟ್ಟರನ್ನೇ ಹಿಡಿಯುವುದರಿಂದ ಕಟ್ಟರ್ ಸ್ಪಿಂಡಲ್ ಬಾಯಿಗೆ ಹತ್ತಿರದಲ್ಲೇ ಇರುತ್ತದೆ, ನಡುಕ ಕಡಿಮೆ. ಇನ್ನೊಂದು 7/24 ಟೇಪರ್: 24 ಅಳತೆಯ ಉದ್ದಕ್ಕೆ 7 ಅಳತೆಯಷ್ಟು ವ್ಯಾಸ ಕುಗ್ಗುತ್ತದೆ, ಅರ್ಧಕೋನ 8.3 ಡಿಗ್ರಿ. 1920ರ ದಶಕದಲ್ಲಿ ಅಮೆರಿಕದ ಮಷಿನ್ ಟೂಲ್ ತಯಾರಕರು ಸೇರಿ ಒಪ್ಪಿಕೊಂಡ ಇದು ಮುಂದೆ ಐಎಸ್‌ಒ ಆಯಿತು, ಜಪಾನಿನಲ್ಲಿ ಬಿಟಿ ಎನ್ನುವ ರೂಪ ತಳೆಯಿತು. 30, 40, 50 ಎಂದು ನಂಬರ್. 30ರ ಬಾಯಿ 31.75 ಮಿ.ಮೀ., 40ರದು 44.45. ಇದರಲ್ಲಿ ತಿರುಗಿಸುವ ಬಲವನ್ನು ಟೇಪರಿನ ಘರ್ಷಣೆಯೊಂದೇ ಹೊರುವುದಿಲ್ಲ, ಸ್ಪಿಂಡಲ್ ಮುಖದ ಎರಡು ಕೀಗಳೂ ಹೊರುತ್ತವೆ.

ಇಷ್ಟನ್ನೂ ಕ್ಯಾಟಲಾಗೇ ಹೇಳುತ್ತದೆ. ಅದು ಹೇಳದಿರುವುದು ಎತ್ತರದ ವಿಷಯ. ಹೋಲ್ಡರನ್ನು ಕೆಳಕ್ಕೆ ಎಳೆದು ತೆಗೆಯಬೇಕಾದರೆ ಅದರ ಶ್ಯಾಂಕಿನ ಉದ್ದದಷ್ಟು ಜಾಗ ಕೆಳಗೆ ಖಾಲಿ ಇರಬೇಕು. ಆರ್8ಕ್ಕೆ ಸುಮಾರು 100 ಮಿ.ಮೀ., ಎಂಟಿ3ಕ್ಕೆ, ಅಂದರೆ 3ನೇ ನಂಬರಿನ ಮೋರ್ಸ್ ಟೇಪರಿಗೆ, 80ರ ಮೇಲೆ, ಐಎಸ್‌ಒ30ಕ್ಕೆ 70ರೊಳಗೆ. ಮೊದಲು ಡ್ರಿಲ್ ಚಕ್ ಹಾಕಿ ತೂತು ಕೊರೆದು, ಆಮೇಲೆ ಎಂಡ್ ಮಿಲ್ಲಿಗೆ ಬದಲಾಯಿಸಬೇಕು ಎನ್ನಿ. ಚಕ್ ಉದ್ದ, ಶ್ಯಾಂಕ್ ಉದ್ದ, ಕೆಳಗೆ ವೈಸ್, ವೈಸಿನೊಳಗೆ ಜಾಬ್. ಹೆಡ್ ಎತ್ತದೆ ಗತಿಯಿಲ್ಲ. ಚೌಕ ಕಾಲಮ್ಮಿನ ಮಷಿನ್ನಾದರೆ ಎತ್ತಿ ಇಳಿಸಬಹುದು. ದುಂಡು ಕಾಲಮ್ಮಿನ ಮಿಲ್-ಡ್ರಿಲ್ಲಿನಲ್ಲಿ ಹೆಡ್ ಸಡಿಲಿಸಿ ಎತ್ತಿದ ಕ್ಷಣವೇ ಅದು ಪಕ್ಕಕ್ಕೂ ತಿರುಗುತ್ತದೆ. ಅಷ್ಟು ಹೊತ್ತು ಡಯಲ್ ಇಂಡಿಕೇಟರ್ ಇಟ್ಟು ಹುಡುಕಿದ ಸೆಂಟರ್ ಹೋಯಿತು, ಮತ್ತೆ ಮೊದಲಿನಿಂದ. ಒಂದು ಜಾಬಿಗೆ ಐದಾರು ಟೂಲ್ ಬದಲಾಯಿಸುವವರಿಗೆ ಆರ್8ಕ್ಕೂ ಐಎಸ್‌ಒ30ಕ್ಕೂ ನಡುವಿನ ಈ 30 ಮಿ.ಮೀ. ವ್ಯತ್ಯಾಸ ಮೋಟರಿನ ಎಚ್‌ಪಿಗಿಂತ ದೊಡ್ಡದು.

ಇದಕ್ಕೊಂದು ಉಪಾಯವಿದೆ: ಇಆರ್ ಕಾಲೆಟ್ ಚಕ್. ಸ್ವಿಟ್ಜರ್ಲೆಂಡಿನ ರೆಗೋ-ಫಿಕ್ಸ್ 1970ರ ದಶಕದಲ್ಲಿ ಹೊರತಂದ ಏರ್ಪಾಡು ಇದು. ಇಆರ್32 ಸೆಟ್ ಒಂದಿದ್ದರೆ 2ರಿಂದ 20 ಮಿ.ಮೀ.ವರೆಗಿನ ಶ್ಯಾಂಕುಗಳನ್ನು ಹಿಡಿಯಬಹುದು, ಡ್ರಿಲ್ ಬಿಟ್ಟನ್ನೂ ಅದರಲ್ಲೇ ಹಿಡಿಯಬಹುದು. ಚಕ್ಕನ್ನು ಸ್ಪಿಂಡಲ್ಲಿಗೆ ಒಮ್ಮೆ ಏರಿಸಿಬಿಟ್ಟರೆ ಟೇಪರನ್ನು ಮುಟ್ಟುವ ಪ್ರಮೇಯವೇ ಇಲ್ಲ. ಕೆಳಗಿನ ನಟ್ ಬಿಚ್ಚಿ ಕಟ್ಟರ್ ಬದಲಾಯಿಸುತ್ತ ಹೋಗುವುದು. ಕಟ್ಟರ್ ಸ್ಪಿಂಡಲ್ ಬಾಯಿಯಿಂದ ಸ್ವಲ್ಪ ದೂರ ಜೋತು ಬೀಳುತ್ತದೆ, ಭಾರಿ ಕಟ್ ಕೊಟ್ಟರೆ ಅದರುತ್ತದೆ. ಮನೆಯ ಕೆಲಸಕ್ಕೆ ಈ ಕೊರತೆ ಸಹಿಸಬಹುದು.

ಹಾಗಾದರೆ ಯಾವುದು? ನನ್ನ ಮಟ್ಟಿಗೆ ಇದಕ್ಕೆ ಉತ್ತರ ನಿಮ್ಮೂರಿನ ಪೇಟೆಯಲ್ಲಿದೆ. ಅಮೆರಿಕದ ಹವ್ಯಾಸಿಗಳು ಆರ್8ನ್ನು ಹೊಗಳುವುದು ಸಹಜ, ಅಲ್ಲಿ ಹಳೆಯ ಬ್ರಿಡ್ಜ್‌ಪೋರ್ಟ್‌ಗಳ ಟೂಲಿಂಗ್ ರಾಶಿ ಬಿದ್ದಿದೆ. ಬೆಂಗಳೂರಿನ ಪರಂಪರೆ ಬೇರೆ. 1953ರಲ್ಲಿ ಶುರುವಾದ ಎಚ್‌ಎಂಟಿ, 1961ರ ಭಾರತ್ ಫ್ರಿಟ್ಜ್ ವರ್ನರ್‌ಗಳ ಕಾಲದಿಂದ ಇಲ್ಲಿ ಬೆಳೆದ ಮಿಲ್ಲಿಂಗ್ ವಿದ್ಯೆ ಯುರೋಪಿನ ಸಹವಾಸದ್ದು. ಇವತ್ತು ಪೀಣ್ಯದ ಶೆಡ್ಡುಗಳಲ್ಲಿ ಓಡುವ ವಿಎಂಸಿಗಳ (ವರ್ಟಿಕಲ್ ಮಷಿನಿಂಗ್ ಸೆಂಟರ್) ಭಾಷೆ ಬಿಟಿ. ಬಿಟಿ30 ಹೋಲ್ಡರಿನ ಟೇಪರ್ ಐಎಸ್‌ಒ30ರದೇ, ಹಿಂಬದಿಯ ಥ್ರೆಡ್ಡೂ ಎಂ12ವೇ. ಆ ಥ್ರೆಡ್ಡಿಗೆ ಹಾಕಿರುವ ಪುಲ್ ಸ್ಟಡ್ ಬಿಚ್ಚಿ ಎಂ12 ಡ್ರಾಬಾರ್ ಹಾಕಿದರೆ ಮನೆಯ 30 ಸ್ಪಿಂಡಲ್ಲಿನಲ್ಲೂ ಕೂರುತ್ತದೆ. ಕೀ ಸರಿಯಾಗಿ ಕೂರುತ್ತದೆಯೇ ಎಂದು ನೋಡಿಕೊಂಡರಾಯಿತು. ಕಾರ್ಖಾನೆಯವರು ಕೈಬಿಟ್ಟ ಹೋಲ್ಡರ್‌ಗಳು ಅಗ್ಗಕ್ಕೆ ಸಿಗುವ ಊರಿನಲ್ಲಿ ಇದು ಸಣ್ಣ ಲಾಭವಲ್ಲ.

ಆದ್ದರಿಂದ ಜಾಗ, ಹಣ ಎರಡೂ ಇದ್ದು ಮಷಿನ್ 30ರಲ್ಲಿ ಸಿಗುವುದಾದರೆ ಅದನ್ನೇ ತನ್ನಿ. 40 ಮನೆಗೆ ಹೆಚ್ಚಾಯಿತು. ಹೋಲ್ಡರ್ ಭಾರ, ಬೆಲೆಯೂ ಭಾರ. ಸೀಗ್ ಎಕ್ಸ್2ನಂಥ ಪುಟ್ಟ ಮಷಿನ್ನುಗಳು ಬರುವುದೇ ಎಂಟಿ3 ಅಥವಾ ಆರ್8ರಲ್ಲಿ. ಅಲ್ಲಿ ನನ್ನ ಆಯ್ಕೆ ಎಂಟಿ3, ಕಾರಣ ಲೇತ್. ಮನೆಯ ಲೇತಿನ ಟೇಲ್‌ಸ್ಟಾಕ್ ಹೇಗಿದ್ದರೂ ಮೋರ್ಸ್, ಬಹಳ ಕಡೆ ಎಂಟಿ2. ಸ್ಲೀವ್ ಒಂದಿದ್ದರೆ ಡ್ರಿಲ್ಲು, ರೀಮರ್ ಲೇತಿಗೂ ಮಿಲ್ಲಿಗೂ ಆಗುತ್ತವೆ. ಜೊತೆಗೊಂದು ಇಆರ್32 ಚಕ್ ಏರಿಸಿಬಿಟ್ಟರೆ ಸುತ್ತಿಗೆಯ ಕೆಲಸವೂ ತಪ್ಪುತ್ತದೆ. ಆರ್8 ಮಷಿನ್ ಒಳ್ಳೆಯ ಸ್ಥಿತಿಯಲ್ಲಿ, ಟೂಲಿಂಗ್ ಸಮೇತ ಸಿಕ್ಕರೆ ಬಿಡಬೇಡಿ. ಬರೀ ಮಷಿನ್ ಆದರೆ ಚೌಕಾಸಿ ಮಾಡಿ.

ಮುಂಗಡ ಕೊಡುವ ಮುನ್ನ ಮಷಿನ್ ಆಫ್ ಮಾಡಿಸಿ ಡ್ರಾಬಾರ್ ಬಿಚ್ಚಿಸಿ ನೋಡಿ. ಆರ್8ರಲ್ಲಿ ಥ್ರೆಡ್ 7/16 ಇಂಚಿನದು ಇರಬಹುದು, ಎಂ12 ಇರಬಹುದು. ಕೇಳದೆ ಕಾಲೆಟ್ ತಂದರೆ ವಾಪಸ್ ಹೋಗಬೇಕಾಗುತ್ತದೆ. ಟೇಪರಿನ ಒಳಗೋಡೆಯನ್ನು ಬಟ್ಟೆಯಲ್ಲಿ ಒರೆಸಿ ಬೆರಳಾಡಿಸಿ, ಗೀರು, ಉಬ್ಬು ಕೈಗೆ ತಿಳಿಯುತ್ತವೆ. ಕೊನೆಗೆ ಒಳಗೋಡೆಗೆ ಡಯಲ್ ಮುಟ್ಟಿಸಿ ಸ್ಪಿಂಡಲನ್ನು ಕೈಯಿಂದ ತಿರುಗಿಸಿ. ಮುಳ್ಳು 0.01 ಮಿ.ಮೀ. ಒಳಗೆ ಆಡಿದರೆ ಕೊಳ್ಳಿ. 0.03 ದಾಟಿದರೆ ಬೆಲೆ ಎಷ್ಟೇ ಇಳಿಸಿದರೂ ಬೇಡ.