ಗೃಹಶುಶ್ರೂಷೆಯ ಗುಣಪರೀಕ್ಷೆ

ವಾರ್ಧಕದಿಂದಲೋ ರೋಗದಿಂದಲೋ ಅಂಗವೈಕಲ್ಯದಿಂದಲೋ ಕೈಲಾಗದವರಾದ ವಯಸ್ಕರಿಗೆ, ಅವರವರ ಮನೆಯಲ್ಲಿಯೇ, ಸಂಬಳದ ಸೇವಕರ ಮೂಲಕ ಸ್ನಾನ, ಉಡುಗೆ, ಆಹಾರ, ಔಷಧ ಮೊದಲಾದವುಗಳ ಸಹಾಯವನ್ನು ಒದಗಿಸುವ ಏರ್ಪಾಡಿಗೆ ಗೃಹಶುಶ್ರೂಷೆಯೆಂದು ಹೆಸರಿಡಬಹುದು. ಆಸ್ಪತ್ರೆಯಲ್ಲಿ ಒಬ್ಬರು ಮಾಡಿದ ಕೆಲಸವನ್ನು ಮತ್ತೊಬ್ಬರು ಕಾಣುತ್ತಾರೆ. ಪಕ್ಕದ ಹಾಸಿಗೆಯ ರೋಗಿಯೂ ಒಬ್ಬ ಸಾಕ್ಷಿಯೇ. ಮನೆಯೊಳಗಣ ಶುಶ್ರೂಷೆಗಾದರೋ ಬಹುಮಟ್ಟಿಗೆ ಇಬ್ಬರೇ ಸಾಕ್ಷಿಗಳು: ಮಾಡುವವರು ಒಬ್ಬರು, ಮಾಡಿಸಿಕೊಳ್ಳುವವರು ಇನ್ನೊಬ್ಬರು. ಈ ಇಬ್ಬರಲ್ಲಿ ಎರಡನೆಯವರು ಮೊದಲನೆಯವರ ಕೈಯಲ್ಲಿರುವವರು. ಇಂತಹ ಸೇವೆಯ ಗುಣವನ್ನೂ ಕ್ಷೇಮವನ್ನೂ ಹೊರಗಿನವರು ಅಳೆಯುವ ಬಗೆ ಹೇಗೆಂಬ ಪ್ರಶ್ನೆಯನ್ನು ಬಹುಕಾಲದಿಂದ ಎದುರಿಸಿದ ದೇಶಗಳಲ್ಲಿ ಇಂಗ್ಲೆಂಡು ಒಂದು. ಅಲ್ಲಿನ ಪ್ರಯತ್ನಗಳ ಫಲವೂ ವೈಫಲ್ಯವೂ ಎರಡೂ ವಿಚಾರಾರ್ಹವಾಗಿವೆ.

ಈ ವ್ಯವಸ್ಥೆಯ ಮೂಲವನ್ನು ಸಾಮಾನ್ಯವಾಗಿ ೧೮೫೯ನೆಯ ಇಸವಿಗೆ ಒಯ್ಯುತ್ತಾರೆ. ಲಿವರ್‌ಪೂಲಿನ ವರ್ತಕನಾದ ವಿಲಿಯಂ ರಾತ್‌ಬೋನನು, ತನ್ನ ಪತ್ನಿಯ ಅಂತ್ಯಕಾಲದಲ್ಲಿ ಉಪಚರಿಸಿದ್ದ ಮೇರಿ ರಾಬಿನ್‌ಸನ್ ಎಂಬ ದಾದಿಯನ್ನು ಮೂರು ತಿಂಗಳ ಮಟ್ಟಿಗೆ ನೇಮಿಸಿ, ಬಡವರ ಮನೆಗಳಿಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವಂತೆ ಏರ್ಪಡಿಸಿದನು. ಆಕೆ ಅಲ್ಲಿ ಕಂಡ ದುಃಸ್ಥಿತಿಯನ್ನು ತಾಳಲಾರದೆ, ಅವಧಿಗೆ ಮುನ್ನವೇ ಬಂದು ಬಿಡುಗಡೆಯನ್ನು ಬೇಡಿದಳಂತೆ. ರಾತ್‌ಬೋನನು ಧೈರ್ಯ ಹೇಳಿ ಕಳುಹಿಸಲು ಅವಧಿ ಮುಗಿಯುವವರೆಗೂ ದುಡಿದಳು. ಮುಂದೆ ಫ್ಲಾರೆನ್ಸ್ ನೈಟಿಂಗೇಲಳ ಸಲಹೆಯ ಮೇರೆಗೆ ಅದೇ ಊರಿನಲ್ಲಿ ದಾದಿಯರ ಶಿಕ್ಷಣಶಾಲೆ ಏರ್ಪಟ್ಟಿತು. ಆ ಕಾಲದಲ್ಲಿ ಗುಣಪರೀಕ್ಷೆಯೆಂದರೆ ದಾದಿಯ ಶಿಕ್ಷಣ ಮತ್ತು ನಡತೆಗಳ ಪರೀಕ್ಷೆಯೇ ಹೊರತು ಬೇರೆಯಲ್ಲ. ೧೯೪೬ರ ರಾಷ್ಟ್ರೀಯ ಆರೋಗ್ಯ ಶಾಸನದಿಂದ ಮನೆಗೆಲಸದ ಸಹಾಯವನ್ನು ಒದಗಿಸುವ ಅಧಿಕಾರ ಸ್ಥಳೀಯ ಸಂಸ್ಥೆಗಳಿಗೆ ದೊರೆಯಿತು. ೧೯೯೦ರ ಶಾಸನದ ತರುವಾಯ ಈ ಕೆಲಸ ಕ್ರಮಕ್ರಮವಾಗಿ ಖಾಸಗಿ ಸಂಸ್ಥೆಗಳ ಗುತ್ತಿಗೆಗೆ ಸಂದಿತು. ಗುತ್ತಿಗೆ ಬಂದಮೇಲೆ ಅಳತೆಯೂ ಬರಲೇಬೇಕಷ್ಟೆ. ಮನೆಗಳಿಗೆ ಸೇವಕರನ್ನು ಕಳುಹಿಸುವ ಸಂಸ್ಥೆಗಳೂ ಸರಕಾರದಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕೆಂದು ವಿಧಿಸಿದುದು ೨೦೦೦ದ ಶಾಸನ. ಪರೀಕ್ಷಕಮಂಡಲಿಯೇ ಎರಡು ಬಾರಿ ರೂಪಾಂತರವನ್ನು ಹೊಂದಿ, ೨೦೦೯ರಲ್ಲಿ ಕೇರ್ ಕ್ವಾಲಿಟಿ ಕಮಿಷನ್ ಎಂಬ ಹೆಸರಿನಿಂದ ನೆಲೆನಿಂತಿತು.

ಈ ಮಂಡಲಿಯು ೨೦೧೪ರಿಂದ ಪ್ರತಿಯೊಂದು ಸಂಸ್ಥೆಯ ವಿಷಯದಲ್ಲಿಯೂ ಐದು ಪ್ರಶ್ನೆಗಳನ್ನು ಕೇಳುತ್ತದೆ: ಸೇವೆಯು ಕ್ಷೇಮಕರವೆ, ಫಲಕಾರಿಯೆ, ಮಮತೆಯುಳ್ಳದ್ದೆ, ವ್ಯಕ್ತಿಯ ಅಗತ್ಯಕ್ಕೆ ತಕ್ಕಂತೆ ಬಾಗುವುದೆ, ಅದರ ಆಡಳಿತ ಸಮರ್ಥವೆ? ಉತ್ತರಗಳನ್ನು ಅನುಸರಿಸಿ ಅತ್ಯುತ್ತಮ, ಉತ್ತಮ, ಸುಧಾರಣೆ ಬೇಕಾದದ್ದು, ಅಸಮರ್ಪಕ ಎಂಬ ನಾಲ್ಕು ದರ್ಜೆಗಳಲ್ಲಿ ಒಂದನ್ನು ಕೊಡುತ್ತದೆ. ಪ್ರಶ್ನೆಗಳು ಸಮಂಜಸವಾಗಿಯೇ ಇವೆ. ಆದರೆ ಪರೀಕ್ಷಕನು ಹೋಗಿ ಕುಳಿತುಕೊಳ್ಳುವುದು ಸಂಸ್ಥೆಯ ಕಚೇರಿಯಲ್ಲಿ. ಶುಶ್ರೂಷೆ ನಡೆಯುವುದು ಹತ್ತಾರು ಬೀದಿಗಳಾಚೆ, ಅನ್ಯರ ಮನೆಗಳಲ್ಲಿ. ಮನೆಯವರ ಒಪ್ಪಿಗೆಯಿಲ್ಲದೆ ಅಲ್ಲಿಗೆ ಕಾಲಿಡುವ ಹಕ್ಕು ಅವನಿಗಿಲ್ಲ, ಇರಲೂ ಕೂಡದು. ಹೀಗಾಗಿ ಅವನ ಕೈಗೆ ಮುಖ್ಯವಾಗಿ ದೊರೆಯುವುದು ಕಾಗದಪತ್ರ: ದಿನಚರಿಯ ಬರೆಹ, ಔಷಧ ಕೊಟ್ಟ ಲೆಕ್ಕ, ಸೇವಕರ ಪೂರ್ವಚರಿತ್ರೆಯ ವಿಚಾರಣೆ, ದೂರುಗಳ ಕಡತ. ದೂರವಾಣಿಯಲ್ಲಿ ಕೆಲವರನ್ನು ಮಾತನಾಡಿಸುವುದೂ ಒಪ್ಪಿದ ಕೆಲವರ ಮನೆಗೆ ಹೋಗುವುದೂ ಉಂಟು. ಕಡತಗಳ ಪ್ರಯೋಜನವನ್ನು ಅಲ್ಲಗಳೆಯಲಾಗದು. ಔಷಧದ ಲೆಕ್ಕದಲ್ಲಿ ಒಂದು ದಿನದ ಅಂಕಣ ಬರಿದಾಗಿದ್ದರೆ, ಅಂದು ಯಾರಿಗೋ ಗುಳಿಗೆ ತಪ್ಪಿತೆಂಬ ಅನುಮಾನಕ್ಕೆ ಅದೇ ಆಧಾರ. ಆದರೆ ಎಲ್ಲ ಅಂಕಣಗಳೂ ತುಂಬಿರುವ ಪುಸ್ತಕವು ಶುಶ್ರೂಷೆ ಚೆನ್ನಾಗಿತ್ತೆಂಬುದಕ್ಕೆ ಆಧಾರವಲ್ಲ. ಪುಸ್ತಕ ಚೆನ್ನಾಗಿತ್ತೆಂಬುದಕ್ಕೆ ಮಾತ್ರ ಆಧಾರ.

ಎಣಿಸಲು ಅತಿ ಸುಲಭವಾದ ವಸ್ತುವೆಂದರೆ ಕಾಲ. ಸೇವಕಿಯು ಬಾಗಿಲೊಳಗೆ ಬಂದ ನಿಮಿಷವನ್ನೂ ಹೊರಟ ನಿಮಿಷವನ್ನೂ ಯಂತ್ರದಿಂದಲೇ ಗುರುತಿಸುವ ಪದ್ಧತಿ ಬಂದಿತು. ಅದರಿಂದ ಬಾರದೆಯೇ ಬಂದೆನೆಂದು ಬರೆಯುವ ಮೋಸ ಕಡಮೆಯಾಯಿತೆಂಬುದು ಲಾಭವೇ. ಆದರೆ ನಿಮಿಷಕ್ಕೆ ಬೆಲೆ ಕಟ್ಟುವ ಗುತ್ತಿಗೆಯೊಡನೆ ಈ ಎಣಿಕೆಯೂ ಕೂಡಿಕೊಂಡು, ಹದಿನೈದು ನಿಮಿಷಗಳ ಭೇಟಿಯೆಂಬ ಕುಖ್ಯಾತ ಪದ್ಧತಿ ಹರಡಿತು. ಮುದುಕಿಯೊಬ್ಬಳನ್ನು ಹಾಸಿಗೆಯಿಂದ ಎಬ್ಬಿಸಿ, ಮುಖ ತೊಳೆದು, ಉಡಿಸಿ, ತಿಂಡಿ ಮಾಡಿ ತಿನ್ನಿಸಿ, ಗುಳಿಗೆ ನುಂಗಿಸುವುದಕ್ಕೆ ಕಾಲು ಗಂಟೆ! ಆಕೆ ನಿಧಾನವಾಗಿ ಅಗಿಯುವವಳಾಗಿದ್ದರೆ ತಟ್ಟೆ ಅರ್ಧದಲ್ಲಿಯೇ ನಿಲ್ಲಬೇಕು. ೨೦೧೫ರಲ್ಲಿ ನೈಸ್ ಎಂಬ ಸರಕಾರೀ ತಜ್ಞಸಂಸ್ಥೆಯು, ಅರ್ಧ ಗಂಟೆಗೆ ಕಡಮೆಯಾದ ಭೇಟಿಗಳಿಗೆ ಕಟ್ಟು ಹಾಕಿತು: ಬರುವ ಸೇವಕರು ಆ ವ್ಯಕ್ತಿಗೆ ಪರಿಚಿತರಾಗಿರಬೇಕು, ಆ ಭೇಟಿಯು ಹೆಚ್ಚಿನ ಸಹಾಯದ ಒಂದು ಭಾಗ ಮಾತ್ರವಾಗಿರಬೇಕು, ಗೊತ್ತುಮಾಡಿದ ಸಣ್ಣ ಕೆಲಸಕ್ಕೆ, ಇಲ್ಲವೆ ಕ್ಷೇಮವಾಗಿರುವರೇ ಎಂದು ನೋಡಿಹೋಗುವುದಕ್ಕೆ, ಆ ಕಾಲ ಸಾಕಾಗಬೇಕು. ಇದು ಸೂಚನೆಯೇ ಹೊರತು ಶಾಸನವಲ್ಲ.

ಶುಶ್ರೂಷೆ ಪಡೆಯುವವರನ್ನೇ ಕೇಳಿದರಾಗದೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಬ್ರಿಟನ್ನಿನ ಸಮಾನತೆ ಮತ್ತು ಮಾನವಹಕ್ಕುಗಳ ಆಯೋಗವು ಹೀಗೆಯೇ ಕೇಳಿ, ಇಂಗ್ಲೆಂಡಿನ ವೃದ್ಧರ ಗೃಹಶುಶ್ರೂಷೆಯನ್ನು ಕುರಿತ ವರದಿಯೊಂದನ್ನು ೨೦೧೧ರ ನವೆಂಬರಿನಲ್ಲಿ ಪ್ರಕಟಿಸಿತು. ಸಾಕ್ಷ್ಯ ಹೇಳಿದ ವೃದ್ಧರು ಮತ್ತು ಅವರ ಬಂಧುಮಿತ್ರರಲ್ಲಿ ಸುಮಾರು ಅರ್ಧದಷ್ಟು ಜನ ತೃಪ್ತಿಯನ್ನೇ ವ್ಯಕ್ತಪಡಿಸಿದರು. ಅದರೊಡನೆಯೇ, ಅನ್ನನೀರುಗಳಿಲ್ಲದೆ ಬಿಡಲ್ಪಟ್ಟವರು, ಮಲಿನವಾದ ಬಟ್ಟೆಯಲ್ಲಿಯೇ ಗಂಟೆಗಟ್ಟಲೆ ಇದ್ದವರು, ತಮ್ಮ ಮುಂದೆಯೇ ತಾವಿಲ್ಲವೆಂಬಂತೆ ಮಾತನಾಡಿಕೊಳ್ಳುವ ಸೇವಕರನ್ನು ಸಹಿಸಿದವರು ಬೆಳಕಿಗೆ ಬಂದರು. ಇವರಲ್ಲಿ ಅನೇಕರು ಎಂದೂ ದೂರು ಕೊಟ್ಟವರಲ್ಲ. ಕೆಲವರಿಗೆ ಸೇವಕಿಗೆ ತೊಂದರೆಯಾದೀತೆಂಬ ಕನಿಕರ. ಕೆಲವರಿಗೆ ಇರುವ ಸಹಾಯವೂ ತಪ್ಪಿ ವೃದ್ಧಾಶ್ರಮಕ್ಕೆ ಹೋಗಬೇಕಾದೀತೆಂಬ ಭಯ. ಆದಕಾರಣ ದೂರುಗಳಿಲ್ಲದ ಕಡತವನ್ನು ಸುಖದ ಗುರುತೆಂದು ಓದುವುದು ಪ್ರಮಾದ. ಗುತ್ತಿಗೆಯ ಸಂಸ್ಥೆಗಳ ಮೂಲಕ ಮನೆಯಲ್ಲಿ ಶುಶ್ರೂಷೆ ಪಡೆಯುವವರಿಗೂ ಮಾನವಹಕ್ಕುಗಳ ಕಾನೂನಿನ ರಕ್ಷಣೆ ಅನ್ವಯಿಸುವುದೆಂದು ಸ್ಪಷ್ಟವಾದುದು ಈ ವರದಿಯ ತರುವಾಯ, ೨೦೧೪ರ ಶಾಸನದಲ್ಲಿ. ಅದೂ ಸಾರ್ವಜನಿಕ ಸಂಸ್ಥೆಗಳು ಏರ್ಪಡಿಸಿದ ಇಲ್ಲವೆ ವೆಚ್ಚ ಕೊಟ್ಟ ಶುಶ್ರೂಷೆಯ ಮಟ್ಟಿಗೆ.

ಇಲ್ಲಿ ಭಾರತದ ಪ್ರಾಚೀನ ಗ್ರಂಥವೊಂದರ ವಿಚಾರ ಅಪ್ರಕೃತವಾಗಲಾರದು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿ, ಒಂದೊಂದಕ್ಕೂ ನಾಲ್ಕು ನಾಲ್ಕು ಗುಣಗಳನ್ನು ವಿಧಿಸಿದೆ. ಪರಿಚಾರಕನಿಗೆ ಉಪಚಾರದ ಅರಿವು, ದಕ್ಷತೆ, ಅನುರಾಗ, ಶುಚಿತ್ವ ಇವು ಇರಬೇಕು. ಆಧುನಿಕ ಪರೀಕ್ಷಕನು ಇವುಗಳಲ್ಲಿ ಮೂರನ್ನು ಹೇಗೋ ಅಳೆದಾನು. ಅನುರಾಗದ ಮುಂದೆ ಅವನ ಅಳತೆಗೋಲು ಮೋಟಾಗುತ್ತದೆ. ಇದಕ್ಕಿಂತಲೂ ಕುತೂಹಲಕರವಾದುದು ರೋಗಿಗೆ ಹೇಳಿರುವ ಗುಣಗಳ ಪಟ್ಟಿ: ನೆನಪು, ಹೇಳಿದಂತೆ ನಡೆಯುವಿಕೆ, ನಿರ್ಭೀತಿ, ತನ್ನ ಬೇನೆಯನ್ನು ತಿಳಿಸಬಲ್ಲ ಶಕ್ತಿ. ಸಂಹಿತೆಕಾರನ ದೃಷ್ಟಿ ಇದ್ದುದು ವೈದ್ಯನ ಅನುಕೂಲದ ಕಡೆಗೆ. ಆದರೆ ಈ ನಾಲ್ಕರಲ್ಲಿ ಹೇಳಿದಂತೆ ನಡೆಯುವಿಕೆಯನ್ನು ಬಿಟ್ಟು ಉಳಿದ ಮೂರೇ ಗೃಹಶುಶ್ರೂಷೆಯ ಸಾಕ್ಷಿಗೂ ಬೇಕಾದವು. ಮರೆವಿನ ರೋಗದಿಂದಲೂ ಪರಾಧೀನತೆಯಿಂದಲೂ ಮೊದಲು ಅಳಿಯುವುವೂ ಅವೇ. ಶುಶ್ರೂಷಾ ಎಂಬ ಸಂಸ್ಕೃತ ಶಬ್ದಕ್ಕೆ ಧಾತ್ವರ್ಥ ಕೇಳುವ ಇಚ್ಛೆಯೆಂಬುದನ್ನು ವೈಯಾಕರಣರು ಬಲ್ಲರು. ಸೇವೆಯೆಂಬ ಅರ್ಥ ಆಮೇಲಿನದು.

ಸಾಕ್ಷಿ ದುರ್ಬಲನೆಂದು ವಿಚಾರಣೆಯನ್ನೇ ಕೈಬಿಡುವಂತಿಲ್ಲ. ಆವೆಡಿಸ್ ಡೊನಬೆಡಿಯನ್ ಎಂಬ ವಿದ್ವಾಂಸನು ೧೯೬೬ರಲ್ಲಿ ಚಿಕಿತ್ಸೆಯ ಗುಣವನ್ನು ಸಾಧನಸಂಪತ್ತು, ಕ್ರಿಯೆ, ಫಲ ಎಂಬ ಮೂರು ಮುಖಗಳಿಂದ ನೋಡಬೇಕೆಂದು ಪ್ರತಿಪಾದಿಸಿದನು. ಗೃಹಶುಶ್ರೂಷೆಯಲ್ಲಿ ತೊಡಕಾದುದು ಮೂರನೆಯದು. ತೊಂಬತ್ತು ವರ್ಷದವರು ದಿನೇ ದಿನೇ ಕುಗ್ಗುವುದು ಸೇವಕರ ದೋಷವಲ್ಲ. ಗುಣವಾಗುವುದನ್ನೇ ಫಲವೆಂದರೆ ಅತ್ಯುತ್ತಮ ಶುಶ್ರೂಷೆಯೂ ನಿಷ್ಫಲವೆನಿಸೀತು. ಕೆಂಟ್ ವಿಶ್ವವಿದ್ಯಾನಿಲಯದವರು ಇದಕ್ಕಾಗಿ ಬೇರೊಂದು ಮಾನವನ್ನು ರಚಿಸಿದರು. ಅದು ಆರೋಗ್ಯವನ್ನು ಕೇಳದೆ, ಬದುಕಿನ ಎಂಟು ಅಂಶಗಳನ್ನು ಕೇಳುತ್ತದೆ: ದಿನಚರಿಯ ಮೇಲಿನ ಹತೋಟಿ, ಶುಚಿತ್ವ, ಅನ್ನಪಾನ, ಕ್ಷೇಮ, ಜನಸಂಪರ್ಕ, ಕಾಲಯಾಪನೆ, ಮನೆಯ ನೈರ್ಮಲ್ಯ, ಮರ್ಯಾದೆ. ಕಡೆಯ ಅಂಶದ ಪ್ರಶ್ನೆ ಬಹು ಸೂಕ್ಷ್ಮವಾದುದು: ಸಹಾಯ ದೊರೆಯುವ ರೀತಿಯಿಂದ ನಿಮ್ಮ ವಿಷಯದಲ್ಲಿ ನಿಮಗೆ ಏನೆನಿಸುತ್ತದೆ ಎಂಬುದು ಅದರ ತಾತ್ಪರ್ಯ. ಹೊಟ್ಟೆ ತುಂಬಿತೇ ಎಂಬುದಕ್ಕೆ ಹೌದೆನ್ನುವವರೂ ಇದಕ್ಕೆ ತಡೆದು ಉತ್ತರಿಸಬೇಕಾಗುವುದು.

ಕ್ಷೇಮವೂ ಗುಣವೂ ಒಂದೇ ದಾರಿಯವು ಎಂಬ ಭಾವನೆ ಅಷ್ಟು ನಿಜವಲ್ಲ. ಕೋಲೂರಿಕೊಂಡು ತಾನೊಬ್ಬನೇ ಹಿತ್ತಿಲಿಗೆ ಹೋಗಿ ಗಿಡಗಳಿಗೆ ನೀರು ಹಾಕುವುದೇ ತನ್ನ ಬಾಳೆಂದು ತಿಳಿದ ಮುದುಕನನ್ನು ಕುರ್ಚಿಯಲ್ಲಿ ಕೂಡಿಸಿಟ್ಟರೆ ಬೀಳುವ ಅಪಾಯವೇನೋ ತಪ್ಪುವುದು; ಕಡತದಲ್ಲಿ ಒಂದು ಅಪಘಾತವೂ ಇರದು. ಇಂಗ್ಲೆಂಡಿನ ೨೦೦೫ರ ಮಾನಸಿಕ ಸಾಮರ್ಥ್ಯದ ಶಾಸನವಾದರೋ, ಅವಿವೇಕದ ನಿರ್ಧಾರ ಮಾಡಿದ ಮಾತ್ರಕ್ಕೆ ಒಬ್ಬನನ್ನು ನಿರ್ಧಾರಶಕ್ತಿ ಇಲ್ಲದವನೆಂದು ಎಣಿಸಕೂಡದೆನ್ನುತ್ತದೆ. ಅಪಘಾತಗಳ ಸಂಖ್ಯೆಯೊಂದನ್ನೇ ನೋಡಿ ದರ್ಜೆ ಕೊಡುವ ಪರೀಕ್ಷಕನು, ತನಗರಿವಿಲ್ಲದೆಯೇ ಮುದುಕನನ್ನು ಕುರ್ಚಿಗೆ ಕಟ್ಟುವವರ ಪಕ್ಷಕ್ಕೆ ಸೇರುತ್ತಾನೆ.

ಪರೀಕ್ಷಕರನ್ನು ಪರೀಕ್ಷಿಸಿದ ಪ್ರಸಂಗವೂ ಒದಗಿತು. ೨೦೨೪ರಲ್ಲಿ ಡಾಕ್ಟರ್ ಪೆನ್ನಿ ಡ್ಯಾಷ್ ಅವರ ನೇತೃತ್ವದಲ್ಲಿ ನಡೆದ ವಿಮರ್ಶೆಯು, ಮಂಡಲಿಯ ತನಿಖೆಗೆ ಒಳಪಟ್ಟ ಸ್ಥಾನಗಳಲ್ಲಿ ಸುಮಾರು ಐದರಲ್ಲಿ ಒಂದಕ್ಕೆ ಎಂದೂ ದರ್ಜೆಯೇ ದೊರೆತಿರಲಿಲ್ಲವೆಂದೂ, ದೊರೆತ ದರ್ಜೆಗಳಲ್ಲಿ ಕೆಲವು ಅನೇಕ ವರ್ಷಗಳಷ್ಟು ಹಳೆಯವೆಂದೂ ಕಂಡುಹಿಡಿಯಿತು. ಇದು ಕೇವಲ ಕಚೇರಿಯ ವಿಳಂಬವಲ್ಲ. ೨೦೨೨ರ ಫೆಬ್ರವರಿಯಿಂದ ಹೊರದೇಶಗಳ ಆರೈಕೆ ಕೆಲಸಗಾರರಿಗೆ ಅಲ್ಲಿ ಅವಕಾಶ ತೆರೆದು, ೨೦೨೫ರ ಜುಲೈಯಲ್ಲಿ ಹೊಸಬರಿಗೆ ಮುಚ್ಚುವವರೆಗೆ, ಭಾರತದಿಂದಲೂ ಬಹುಜನ ಹೋದರು. ೨೦೨೪ರ ಮಾರ್ಚಿಯಿಂದ ಈ ಮಂಡಲಿಯಲ್ಲಿ ನೋಂದಣಿಯಾದ ಸಂಸ್ಥೆಗಳು ಮಾತ್ರ ಅವರನ್ನು ಕರೆಸಿಕೊಳ್ಳಬಹುದೆಂದಾಯಿತು. ಸಂಸ್ಥೆಯ ಮೇಲೆ ಬೀಳುವ ದೃಷ್ಟಿ ಮಂದವಾದರೆ ಹಾಸಿಗೆಯಲ್ಲಿರುವವರೂ ಕೆಡುತ್ತಾರೆ, ಅವರನ್ನು ಎಬ್ಬಿಸಲು ದೂರದಿಂದ ಬಂದವರೂ ಕೆಡುತ್ತಾರೆ.

೨೦೧೧ರ ವರದಿಯಲ್ಲಿ ಒಬ್ಬ ವೃದ್ಧೆಯ ಪ್ರಸಂಗವಿದೆ. ಎರಡು ವಾರಗಳ ಅವಧಿಯಲ್ಲಿ ಆಕೆಯ ಮನೆಗೆ ಬಂದುಹೋದ ಬೇರೆ ಬೇರೆ ಸೇವಕರು ೩೨ ಮಂದಿ. ನಿಮಿಷಗಳ ಲೆಕ್ಕದಲ್ಲಿ ಆ ಭೇಟಿಗಳೆಲ್ಲವೂ ಸರಿಯಾಗಿಯೇ ಇದ್ದಿರಬಹುದು. ಒಬ್ಬೊಬ್ಬ ಅಪರಿಚಿತರಿಗೂ ತನ್ನ ಬಚ್ಚಲು ಎಲ್ಲಿದೆ, ತನ್ನ ಯಾವ ತೋಳು ನೋಯುತ್ತದೆ ಎಂಬುದನ್ನು ಮೊದಲಿನಿಂದ ಹೇಳುವವಳು ಆಕೆಯೇ. ಆ ೩೨ನ್ನು ಲೆಕ್ಕವಿಟ್ಟವಳೂ ಆಕೆಯೇ.