ಕಾರವಾರದ ಹೆಸರು ಹೊತ್ತ ಮೈನ್‌ಸ್ವೀಪರ್

ನಮ್ಮ ಊರಿಗಾಂ ಕಡೆ 'ಮೈನ್' ಅಂದ್ರೆ ಒಂದೇ ಅರ್ಥ, ಚಿನ್ನದ ಗಣಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರೂ ಆ ಪದ ನಮ್ಮ ಮಾತಿನಲ್ಲಿ ಹಾಗೇ ಉಳಿದಿದೆ. ಸಮುದ್ರಕ್ಕೆ ಹೋದರೆ ಮಾತ್ರ ಮೈನ್ ಅಂದರೆ ನೀರಿನಡಿ ಕಾದು ಕೂತ ಬಾಂಬು. ಅದನ್ನು ಗುಡಿಸಿ ತೆಗೆಯೋ ಹಡಗೇ ಮೈನ್‌ಸ್ವೀಪರ್. ಕಂಪ್ಯೂಟರ್‌ನಲ್ಲಿ ನಾವೆಲ್ಲ ಆಡಿದ ಆಟಕ್ಕೆ ಹೆಸರು ಬಂದದ್ದೂ ಇದರಿಂದಲೇ.

ಅಂಥ ಒಂದು ಹಡಗಿಗೆ ನಮ್ಮ ಕಾರವಾರದ ಹೆಸರಿತ್ತು. ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ ಐಎನ್ಎಸ್ ಕಾರವಾರ 1986ರ ಜುಲೈ 14ರಂದು ರೀಗಾ ಬಂದರಿನಲ್ಲಿ ನಮ್ಮ ನೌಕಾಪಡೆಗೆ ಸೇರಿತು. ಉದ್ದ ಸುಮಾರು 60 ಮೀಟರ್. 2013ರವರೆಗೆ ಮುಂಬೈ, ಆಮೇಲೆ ವಿಶಾಖಪಟ್ಟಣ ಅದರ ನೆಲೆ.

ಅದರ ಕೆಲಸ ಹೇಗೆ ಗೊತ್ತಾ? ಕೆಲವು ಮೈನ್‌ಗಳನ್ನು ತಂತಿ ಕಟ್ಟಿ ನೀರಿನೊಳಗೆ ತೇಲಿಬಿಟ್ಟಿರುತ್ತಾರೆ. ಸ್ವೀಪರ್ ತನ್ನ ಹಿಂದೆ ಎಳೆದೊಯ್ಯುವ ಹಗ್ಗದ ಕತ್ತರಿಗಳು ಆ ತಂತಿಯನ್ನು ಕತ್ತರಿಸುತ್ತವೆ. ಮೈನ್ ಮೇಲೆದ್ದು ಬಂದಾಗ ಗುಂಡು ಹೊಡೆದು ಸಿಡಿಸುತ್ತಾರೆ. ಇನ್ನು ಕೆಲವು ಮೈನ್‌ಗಳು ಹಡಗಿನ ಅಯಸ್ಕಾಂತ ಪ್ರಭಾವಕ್ಕೆ, ಎಂಜಿನ್ ಸದ್ದಿಗೆ ಸಿಡಿಯುತ್ತವೆ. ಅವಕ್ಕೆ ಸ್ವೀಪರ್ ವಿದ್ಯುತ್ ಹರಿಯುವ ಕೇಬಲ್ ಎಳೆದು, ಸದ್ದು ಮಾಡಿ, ದೊಡ್ಡ ಹಡಗು ಬಂತೆಂದು ನಂಬಿಸುತ್ತದೆ. ನಮ್ಮ ಆಫೀಸ್ ಭಾಷೆಯಲ್ಲಿ ಹೇಳೋದಾದ್ರೆ, ನಿಜವಾದ ಯೂಸರ್ ಬರೋ ಮೊದಲೇ ಸುಳ್ಳು ಟ್ರಾಫಿಕ್ ಕಳಿಸಿ ತೊಂದರೆಯನ್ನು ಹೊರಗೆಳೆಯೋದು. ವ್ಯತ್ಯಾಸ ಇಷ್ಟೇ, ಇಲ್ಲಿ ಟೆಸ್ಟ್ ಮಾಡುವವರ ಜೀವವೇ ಪಣಕ್ಕಿರುತ್ತದೆ.

ಮೈನ್ ಅಗ್ಗ, ಹೊಡೆತ ದುಬಾರಿ. 1988ರ ಏಪ್ರಿಲ್ 14ರಂದು ಅಮೆರಿಕದ 'ಸ್ಯಾಮ್ಯುಯೆಲ್ ಬಿ. ರಾಬರ್ಟ್ಸ್' ಯುದ್ಧನೌಕೆ ಪರ್ಷಿಯನ್ ಕೊಲ್ಲಿಯಲ್ಲಿ ಒಂದು ಮೈನ್‌ಗೆ ತಗುಲಿ ಮುಳುಗುವ ಸ್ಥಿತಿಗೆ ಬಂತು. ಆ ಮೈನ್‌ನ ವಿನ್ಯಾಸ 1908ರದ್ದು!

2017ರ ಮೇ 9ರಂದು ವಿಶಾಖಪಟ್ಟಣದಲ್ಲಿ ಐಎನ್ಎಸ್ ಕಾರವಾರ ತನ್ನ ಜೊತೆಯ ಐಎನ್ಎಸ್ ಕಾಕಿನಾಡ ಸಮೇತ ನಿವೃತ್ತಿಯಾಯಿತು. 2019ರ ಏಪ್ರಿಲ್‌ನಲ್ಲಿ ಐಎನ್ಎಸ್ ಕೋಳಿಕ್ಕೋಡ್ ಕೂಡ ಹೋಯಿತು. ಅದೇ ಕೊನೆಯದು. ಅವುಗಳ ಜಾಗಕ್ಕೆ ಹೊಸ ಹಡಗು ಬರಲಿಲ್ಲ. ದಕ್ಷಿಣ ಕೊರಿಯಾದ ಕಂಪನಿಯೊಂದಿಗೆ ಸೇರಿ ಗೋವಾದಲ್ಲಿ ಕಟ್ಟುವ ಯೋಜನೆ ಮಾತುಕತೆಯಲ್ಲೇ ಮುಗಿಯಿತು. ಮೈನ್ ತೆರವಿಗಾಗಿಯೇ ಕಟ್ಟುವ ಹಡಗುಗಳಿಗೆ ರಕ್ಷಣಾ ಖರೀದಿ ಮಂಡಳಿ ಮೊದಲ ಹಂತದ ಒಪ್ಪಿಗೆ ಕೊಟ್ಟದ್ದು 2025ರ ಜುಲೈನಲ್ಲಿ. ಒಪ್ಪಿಗೆ ಸಿಕ್ಕ ಮೇಲೂ ಹಡಗು ನೀರಿಗಿಳಿಯಲು ವರ್ಷಗಳೇ ಬೇಕು.

ನಮ್ಮ ಕೆಜಿಎಫ್‌ನಲ್ಲಿ ದೊಡ್ಡ ಕಾರ್ಖಾನೆ ಇರುವ ಬೆಮೆಲ್ ಕಂಪನಿಗೆ 2020ರಲ್ಲಿ ಟಿ-90 ಟ್ಯಾಂಕುಗಳಿಗೆ 1,512 ಮೈನ್ ನೇಗಿಲು ಮಾಡಿಕೊಡುವ ಗುತ್ತಿಗೆ ಸಿಕ್ಕಿತು. ನೆಲದ ಮೈನ್ ಕೀಳುವ ಸಾಧನವನ್ನು ನಾವೇ ಮಾಡುತ್ತಿದ್ದೇವೆ. ಸಮುದ್ರದ ವಿಷಯದಲ್ಲಿ ಮಾತ್ರ ಯಾಕಿಷ್ಟು ತಡ? ಮಂಗಳೂರು ಬಂದರಿಗೆ ಕಚ್ಚಾತೈಲ, ಅಡುಗೆ ಅನಿಲ ಎರಡೂ ಬರುವುದು ಹಡಗಿನಲ್ಲೇ. ಬಂದರಿನ ಬಾಯಲ್ಲಿ ಮೈನ್ ಇದೆ ಅನ್ನೋ ಒಂದು ಅನುಮಾನ ಸಾಕು, ಹಡಗುಗಳು ಹೊರಗೇ ನಿಲ್ಲುತ್ತವೆ. ಆಗ ಮುಂದೆ ಹೋಗಿ ದಾರಿ ಗುಡಿಸಲು ಕಾರವಾರದಂಥ ಹಡಗೊಂದು ಬೇಕಾಗುತ್ತದೆ.